ಅರ್ಧ ಕಾಣುವವನ ಸಾಕ್ಷಿ

ಎಲ್ಲರೂ ಕೂತ್ಕೊಳ್ಳಿ. ಮಾರ್ಕನ ಸುವಾರ್ತೆ 8ನೇ ಅಧ್ಯಾಯ, 22ರಿಂದ 26ನೇ ವಚನ. ಫೋನಿನಲ್ಲಿ ತೆಗೆಯೋರು ಫೋನಿನಲ್ಲಿ ತೆಗೀರಿ, ಸತ್ಯವೇದ ತಂದಿರೋರು ಪುಟ ತಿರುಗಿಸಿ. ನಾನು ಓದಲ್ಲ. ಬಾಯಲ್ಲಿ ಹೇಳ್ತೀನಿ, ನೀವು ಕಣ್ಣಲ್ಲಿ ಹಿಂಬಾಲಿಸಿ.

ಬೇತ್ಸಾಯಿದ ಊರು. ಒಬ್ಬ ಕುರುಡನನ್ನು ಜನರು ಯೇಸುವಿನ ಹತ್ತಿರ ಕರ್ಕೊಂಡು ಬರ್ತಾರೆ, ಮುಟ್ಟಬೇಕು ಅಂತ ಬೇಡ್ಕೊಳ್ತಾರೆ. ಕರ್ತನು ಅವನ ಕೈ ಹಿಡಿದು ಊರ ಹೊರಗೆ ನಡೆಸಿಕೊಂಡು ಹೋಗ್ತಾನೆ. ಕಣ್ಣಿಗೆ ಉಗುಳಿ, ಕೈ ಇಟ್ಟು, ಏನಾದರೂ ಕಾಣಿಸುತ್ತಾ ಅಂತ ಕೇಳ್ತಾನೆ. ಆ ಮನುಷ್ಯ ಜನ ಕಾಣ್ತಾರೆ, ಆದರೆ ಮರಗಳು ನಡೆದಾಡಿದ ಹಾಗೆ ಕಾಣ್ತಾರೆ ಅನ್ನುವ ಅರ್ಥದಲ್ಲಿ ಉತ್ತರ ಕೊಡ್ತಾನೆ. ಕರ್ತನು ಮತ್ತೊಮ್ಮೆ ಕೈ ಇಡ್ತಾನೆ. ಆಗ ಎಲ್ಲವೂ ಸ್ಪಷ್ಟ. ನಾಲ್ಕು ಸುವಾರ್ತೆಗಳಲ್ಲಿ ಈ ಘಟನೆ ಬರೋದು ಮಾರ್ಕನಲ್ಲಿ ಮಾತ್ರ.

ಇದರ ಮೇಲೆ ನೀವು ಕೇಳಿರೋ ಪ್ರಸಂಗಗಳೆಲ್ಲ ಎರಡನೇ ಸಲ ಕೈ ಇಟ್ಟದ್ದರ ಬಗ್ಗೆ ಇರುತ್ತವೆ. ನಾನು ಇವತ್ತು ಮೊದಲನೇ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಇರೋ ಆ ಅರ್ಧ ನಿಮಿಷದಲ್ಲಿ ನಿಲ್ತೀನಿ. ಆ ಅರ್ಧ ನಿಮಿಷದಲ್ಲಿ ಅವನು ಕುರುಡನೂ ಅಲ್ಲ, ಕಾಣುವವನೂ ಅಲ್ಲ. ಎದುರಿಗೆ ಕೇಳ್ತಿರೋನು ಸಾಕ್ಷಾತ್ ಕರ್ತನು. ಅವನು ನಮ್ಮ ಸಭೆಯಲ್ಲಿ ಬೆಳೆದ ಹುಡುಗ ಆಗಿದ್ದಿದ್ರೆ ಏನು ಹೇಳ್ತಿದ್ದ? "ಆಮೆನ್ ಪಾಸ್ಟರ್, ಸಂಪೂರ್ಣ ಬಿಡುಗಡೆ, ಹಲ್ಲೆಲೂಯ!" (ನಗು) ನಗಬೇಡಿ, ನಿಜ ಹೇಳ್ತಿದ್ದೀನಿ. ಅವನು ಹಾಗೆ ಹೇಳಲಿಲ್ಲ. ಎಷ್ಟು ಕಂಡಿತೋ ಅಷ್ಟನ್ನೇ ಹೇಳಿದ. ಕರ್ತನೂ ಅದಕ್ಕೆ "ನಿನ್ನ ನಂಬಿಕೆ ಸಾಲದು" ಅಂತ ಗದರಲಿಲ್ಲ.

ಹಾಗಾದ್ರೆ ನನ್ನ ಪ್ರಶ್ನೆ ಇದು. ಅರ್ಧ ಕಾಣುವವನು ಏನಂತ ಸಾಕ್ಷಿ ಹೇಳಬೇಕು? ಅದನ್ನು ಕೇಳಿಸಿಕೊಳ್ಳುವವರಿಗೆ ಏನು ಕರ್ತವ್ಯ ಇದೆ?

ಇಲ್ಲಿ ಕೂತಿರೋರಲ್ಲಿ ಹೆಚ್ಚಿನವರು ಮೂವತ್ತು ದಾಟಿಲ್ಲ. ಐಟಿ ಕಂಪನಿ, ನರ್ಸಿಂಗ್ ಹಾಸ್ಟೆಲ್, ಪೀಜಿ ರೂಮಿನಿಂದ ಬಂದಿದ್ದೀರಿ. ಅಂಕಲ್ ಕಣ್ಣಿನ ವಿಷಯ ನಮಗ್ಯಾಕೆ ಅನಿಸಬಹುದು. ಊರಲ್ಲಿರೋ ಅಪ್ಪ ಅಮ್ಮನ ಫೋನ್ ರೀಚಾರ್ಜ್ ಮಾಡೋದು ಯಾರು? ಅವರ ಬ್ಯಾಂಕ್ ಮೆಸೇಜ್ ಓದಿ ಹೇಳೋದು ಯಾರು? ನೀವೇ ತಾನೇ. ಅದಕ್ಕೇ ಈ ಮಾತು ನಿಮಗೆ.

ನನಗೀಗ 68. ಇರೋದು ಎರಡು ಕಣ್ಣು, ತೊಂದರೆಗೆ ಹೆಸರು ಮೂರು. 59ರಲ್ಲಿ ಓದೋ ಕನ್ನಡಕ ಬದಲಾಯಿಸೋಕೆ ಹೋದಾಗ ಗ್ಲಾಕೋಮಾ ಇದೆ ಅಂದರು. ಆಮೇಲೆ ಎರಡೂ ಕಣ್ಣಿಗೆ ಪೊರೆ ಬಂತು. ಬಲಗಣ್ಣಿನದು ಆಪರೇಷನ್ ಆಗಿ ಎರಡು ವರ್ಷ ಆಯ್ತು, ಎಡಗಣ್ಣಿನದು ಬಾಕಿ. ಪೊರೆ ತೆಗೆದ ಮೇಲೆ ಒಳಗೆ ಚೆನ್ನಾಗಿ ನೋಡೋಕಾಯ್ತಲ್ಲ, ಆಗ ಮೂರನೆಯದು ಗೊತ್ತಾಯ್ತು. ವಯಸ್ಸಿನಿಂದ ಅಕ್ಷಿಪಟದ ನಡುಭಾಗ ಸವೆಯುವ ಕಾಯಿಲೆ, ಡಾಕ್ಟರ್‌ಗಳು ಏಎಂಡಿ ಅಂತಾರೆ. ನನ್ನದು ಒಣ ಬಗೆಯದು, ನಿಧಾನ.

ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ನಿಮ್ಮ ಫೋನಿನ ಕ್ಯಾಮೆರಾ ಯೋಚಿಸಿ. ಮುಂದಿನ ಗಾಜಿಗೆ ಮಂಜು ಹಿಡಿದರೆ ಪೊರೆ. ಗಾಜು ಬದಲಾಯಿಸಬಹುದು, 1949ರಲ್ಲಿ ಲಂಡನ್ನಿನಲ್ಲಿ ಹ್ಯಾರೊಲ್ಡ್ ರಿಡ್ಲಿ ಅನ್ನೋ ಡಾಕ್ಟರ್ ಮೊದಲ ಸಲ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟರು. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣೊಳಗೆ ಹೊಕ್ಕರೂ ಕಣ್ಣು ಅದನ್ನ ಸಹಿಸಿಕೊಂಡಿದ್ದು ನೋಡಿ ಅವರಿಗೆ ಆ ಯೋಚನೆ ಬಂತು. ಇರಲಿ. ಗಾಜಿನ ಹಿಂದೆ ಚಿತ್ರ ಬೀಳುವ ಸೆನ್ಸರ್ ಇದೆಯಲ್ಲ, ಅದರ ನಟ್ಟನಡುವೆ ಕಲೆ ಬಿದ್ದರೆ ಅದು ಏಎಂಡಿ. ಸೆನ್ಸರ್‌ನಿಂದ ಒಳಗೆ ಹೋಗುವ ವೈರಿನ ಎಳೆಗಳು ಒಂದೊಂದಾಗಿ ಕಡಿದುಹೋದರೆ ಅದು ಗ್ಲಾಕೋಮಾ, ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತೆ. ಗಾಜು ಹೊಸದಾದರೆ ವೈರು ಸರಿಹೋಗಲ್ಲ. ಗ್ಲಾಕೋಮಾದಲ್ಲಿ ಹೋದ ನೋಟ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಕೆ ಮಾತ್ರ ಔಷಧಿ.

ಇದು ನಮ್ಮ ಜನಕ್ಕೆ ಅರಗಿಸಿಕೊಳ್ಳೋದು ಕಷ್ಟ. ಯಾಕೆ ಅಂದ್ರೆ ನಮ್ಮ ಮನಸ್ಸಿನಲ್ಲಿ ಕಣ್ಣು ಅಂದ್ರೆ ಒಂದೇ ಕಥೆ. ಉತ್ತರ ಕರ್ನಾಟಕದ ಕಡೆಯವರು ಮನೆಯಲ್ಲಿ ಹಿರಿಯರನ್ನ ಕೇಳಿ, ಡಾ. ಎಂ. ಸಿ. ಮೋದಿಯವರ ಹೆಸರು ಹೇಳಿದ್ರೆ ಮುಖ ಅರಳುತ್ತೆ. ಬೀಳಗಿಯವರು, 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ಹಳ್ಳಿ ಹಳ್ಳಿಗೆ ಹೋಗಿ ಶಿಬಿರ ಹಾಕಿ ಸಾಲುಸಾಲಾಗಿ ಪೊರೆ ತೆಗೆದರು. ಕೈ ಹಿಡಿಸಿಕೊಂಡು ಬಂದ ಅಜ್ಜ ತಾನೇ ನಡೆದು ಹೋದ. ಆ ತಲೆಮಾರಿಗೆ ಅದು ಕಣ್ಣೆದುರಿನ ಪವಾಡ. ಆ ಮಹಾನುಭಾವರ ಸೇವೆಯಿಂದಾಗಿ ನಮ್ಮಲ್ಲಿ ಒಂದು ನಂಬಿಕೆ ಉಳೀತು: ಆಪರೇಷನ್ ಆಯ್ತು ಅಂದ್ರೆ ಕಣ್ಣು ಬಂತು. ಪೊರೆ ಒಂದೇ ಇದ್ದಾಗ ಅದು ನಿಜವೂ ಹೌದು. ನಾವು ಪೆಂಟೆಕೋಸ್ತಿನವರು ನಮ್ಮ ಸಾಕ್ಷಿಗಳನ್ನೂ ಅದೇ ಅಚ್ಚಿಗೆ ಹಾಕಿದ್ವಿ. ಕುರುಡ ಇದ್ದೆ, ಪ್ರಾರ್ಥನೆ ಆಯ್ತು, ಕಂಡೆ. ಮೂರು ವಾಕ್ಯ, ಚಪ್ಪಾಳೆ. ಒಂದು ಸರಿಹೋಗಿ ಎರಡು ಉಳಿದವನ ಸಾಕ್ಷಿಗೆ ನಮ್ಮಲ್ಲಿ ಅಚ್ಚೇ ಇಲ್ಲ. ಆಪರೇಷನ್ ಆಗಿ ತಿಂಗಳಾದ ಮೇಲೂ ನಾನು ಮೆಟ್ಟಿಲ ಹತ್ತಿರ ತಡವರಿಸಿದರೆ ಜನ ಕೇಳ್ತಾರೆ, "ಯಾಕೆ ಪಾಸ್ಟರ್ ಅಯ್ಯ, ಆಪರೇಷನ್ ಫೇಲಾ?" ಫೇಲ್ ಆಗಿಲ್ಲಪ್ಪ. ಬಣ್ಣ ಎಷ್ಟು ಚೆನ್ನಾಗಿ ಬಂತು ಅಂದ್ರೆ, ಗೋಡೆ ಬಿಳಿ ಅಂತ ನನಗೆ ಆವತ್ತೇ ಗೊತ್ತಾಗಿದ್ದು, ಅಲ್ಲಿವರೆಗೂ ಹಳದಿ ಅನ್ಕೊಂಡಿದ್ದೆ. ಅದಕ್ಕೆ ಸ್ತೋತ್ರ ಹೇಳ್ತೀನಿ. ಮೆಟ್ಟಿಲು ಕಾಣಲ್ಲ ಅನ್ನೋದನ್ನೂ ಹೇಳ್ತೀನಿ. ಎರಡೂ ಒಂದೇ ಬಾಯಿಂದ ಬರಬಹುದು.

ಎರಡು ಮೂರು ಕಾಯಿಲೆ ಒಟ್ಟಿಗೆ ಇದ್ರೆ ಲೆಕ್ಕ ಒಂದು ಪ್ಲಸ್ ಒಂದು ಎರಡು ಅಂತ ಇರಲ್ಲ. ಅವು ಒಂದರ ಕಾಲನ್ನ ಒಂದು ಎಳೀತವೆ. ಏಎಂಡಿ ಇರೋರಿಗೆ ಓದೋಕೆ ಜಾಸ್ತಿ ಬೆಳಕು ಬೇಕು. ಪೊರೆ ಇರೋರಿಗೆ ಜಾಸ್ತಿ ಬೆಳಕು ಕಣ್ಣಿಗೆ ಚುಚ್ಚುತ್ತೆ. ನನ್ನ ಬಲಗಣ್ಣು ಲೈಟ್ ಹಾಕು ಅನ್ನುತ್ತೆ, ಎಡಗಣ್ಣು ಆರಿಸು ಅನ್ನುತ್ತೆ. ಕೊನೆಗೆ ಹಿಂದುಗಡೆಯಿಂದ ಭುಜದ ಮೇಲೆ ಬೆಳಕು ಬೀಳೋ ಹಾಗೆ ಟೇಬಲ್ ಲ್ಯಾಂಪ್ ಇಟ್ಕೊಂಡೆ, ಎರಡಕ್ಕೂ ಒಂದು ರಾಜಿ. ಇನ್ನೊಂದು ಕೇಳಿ. ನಡುವಿನ ನೋಟ ಕೆಟ್ಟವರಿಗೆ ಲೋ ವಿಷನ್ ಕ್ಲಿನಿಕ್ಕಿನಲ್ಲಿ ಒಂದು ವಿದ್ಯೆ ಕಲಿಸ್ತಾರೆ. ಮುಖ ನೋಡಬೇಕು ಅಂದ್ರೆ ಮುಖದ ಮೇಲೆ ದೃಷ್ಟಿ ಇಡಬೇಡ, ಸ್ವಲ್ಪ ಪಕ್ಕಕ್ಕೆ ಇಡು, ಅಂಚಿನಲ್ಲಿ ಮುಖ ಸಿಗುತ್ತೆ. ಒಳ್ಳೇ ವಿದ್ಯೆ. ಆದರೆ ನನ್ನ ಅಂಚನ್ನ ಗ್ಲಾಕೋಮಾ ತಿನ್ತಾ ಇದೆ. ಒಂದು ಕಾಯಿಲೆ ಬಿಟ್ಟುಕೊಟ್ಟ ಜಾಗಕ್ಕೆ ಇನ್ನೊಂದು ಬಾಡಿಗೆಗೆ ಬರ್ತಾ ಇದೆ. ಹಾಗಾಗಿ ಆ ಪಕ್ಕ ಈ ಪಕ್ಕ ಹುಡುಕಿ, ಇನ್ನೂ ಉಳಿದಿರೋ ಒಂದು ಸಣ್ಣ ಕಿಟಕಿಯಿಂದ ನಿಮ್ಮನ್ನ ನೋಡ್ತೀನಿ. ಮಾತಾಡುವಾಗ ನಿಮ್ಮ ಕಿವಿ ನೋಡ್ತಿರೋ ಹಾಗೆ ಕಾಣಬಹುದು. ನಿಮ್ಮನ್ನ ನೋಡೋಕೇ ಹಾಗೆ ಮಾಡೋದು.

ಊಟದ ವಿಷಯಕ್ಕೆ ಬಂದ್ರೆ, ಬಿಳಿ ತಟ್ಟೆಯಲ್ಲಿ ಇಡ್ಲಿ ಹಾಕಿಕೊಟ್ರೆ ನನಗೆ ತಟ್ಟೆ ಖಾಲಿ. ಬಾಳೆಎಲೆ ಮೇಲೆ ಇಟ್ರೆ ಎರಡು ಇಡ್ಲಿ ಎದ್ದು ಕೂರ್ತವೆ. ನನ್ನ ಹೆಂಡತಿ ಇದನ್ನ ಕಂಡುಹಿಡಿದಳು, ಯಾವ ಡಾಕ್ಟರೂ ಅಲ್ಲ. ಮೆಟ್ಟಿಲ ಅಂಚಿಗೆ ಹಳದಿ ಟೇಪ್ ಅಂಟಿಸಿದ್ದೂ ಅವಳೇ.

ಈಗ ಕಷ್ಟದ ಜಾಗಕ್ಕೆ ಬರ್ತೀನಿ. ಈ ಅರ್ಧ ದೃಷ್ಟಿ ಹೊರಗಿನವರಿಗೆ ಸುಳ್ಳಿನ ಥರ ಕಾಣುತ್ತೆ. ನೆಲದ ಮೇಲೆ ಬಿದ್ದ ರೂಪಾಯಿ ನಾಣ್ಯ ಎತ್ಕೊಳ್ತೀನಿ, ಎದುರಿಗೆ ಬಂದ ಸಹೋದರಿಯ ಮುಖ ಗುರುತು ಸಿಗಲ್ಲ. ಆಕೆ ಮನೆಗೆ ಹೋಗಿ ಏನಂತಾರೆ? "ಪಾಸ್ಟರಿಗೆ ದುಡ್ಡು ಕಾಣುತ್ತೆ, ಬಡವರು ಕಾಣಲ್ಲ." (ನಗು) ಇದು ನನ್ನ ಕಿವಿಗೆ ಬಂದಿರೋ ಮಾತು. ಗ್ಲಾಕೋಮಾ ಮಾತ್ರ ಇರೋರದ್ದು ಇದರ ಉಲ್ಟಾ: ಸಣ್ಣ ಅಕ್ಷರ ಸಲೀಸಾಗಿ ಓದ್ತಾರೆ, ಪಕ್ಕದಲ್ಲಿರೋ ಕುರ್ಚಿಗೆ ಡಿಕ್ಕಿ ಹೊಡೀತಾರೆ. ಎಷ್ಟೋ ಮನೆಗಳಲ್ಲಿ ಸೊಸೆ ಮಗ ಅಂದುಕೊಳ್ಳೋದು ಇದೇ, "ಅವರಿಗೆ ಬೇಕಾದ್ದು ಕಾಣುತ್ತೆ, ಬೇಡದ್ದು ಕಾಣಲ್ಲ." ಬೆಳಗ್ಗೆ ಕಂಡಿದ್ದು ಸಂಜೆ ಕಾಣಲ್ಲ, ಅದನ್ನೂ ನಾಟಕ ಅಂತಾರೆ. ಸಂಜೆ ಬೆಳಕು ಕಡಿಮೆ ಆಯ್ತು ಅನ್ನೋದು ಯಾರಿಗೂ ಹೊಳೆಯಲ್ಲ.

ನನ್ನ ಕಣ್ಣಿಗೆ ಏನು ಕಾಣುತ್ತೆ ಅನ್ನೋದಕ್ಕೆ ಭೂಮಿ ಮೇಲೆ ಒಬ್ಬನೇ ಸಾಕ್ಷಿ ಇರೋದು, ಅದು ನಾನು. ಡಾಕ್ಟರ್ ನರ ನೋಡಬಹುದು, ಪಟ ನೋಡಬಹುದು, ನಾನು ನೋಡೋದನ್ನ ಅವರು ನೋಡೋಕಾಗಲ್ಲ. ಹಾಗಿರುವಾಗ ಆ ಒಬ್ಬ ಸಾಕ್ಷಿಯನ್ನ ನಂಬದೇ ಇರೋದು ದೊಡ್ಡ ಅನ್ಯಾಯ. ಆ ಒಬ್ಬನೇ ಸಾಕ್ಷಿ ಸುಳ್ಳು ಹೇಳಿದ್ರೂ ಅಷ್ಟೇ ದೊಡ್ಡ ನಷ್ಟ, ಅದೂ ಅವನಿಗೇ.

ಇದನ್ನ ನನಗೆ ಕಲಿಸಿದ್ದು ಒಂದು ಮಿಷಿನ್. ಗ್ಲಾಕೋಮಾದವರಿಗೆ ಆಗಾಗ ಫೀಲ್ಡ್ ಟೆಸ್ಟ್ ಮಾಡ್ತಾರೆ. ಗದ್ದ ಒಂದು ಸ್ಟ್ಯಾಂಡಿನ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ, ಬಟ್ಟಲಿನಂಥ ಬಿಳಿ ಗುಂಡಿಯ ಒಳಗೆ ನಡುವಿನ ಬೆಳಕನ್ನೇ ನೋಡ್ತಾ ಇರಬೇಕು. ಅಲ್ಲಿ ಇಲ್ಲಿ ಸಣ್ಣ ಚುಕ್ಕಿ ಮಿಂಚುತ್ತೆ. ಕಂಡಾಗ ಮಾತ್ರ ಬಟನ್ ಒತ್ತಬೇಕು. ಕತ್ತಲಲ್ಲಿ ಕೂತು ಹತ್ತು ಸೆಕೆಂಡ್ ಏನೂ ಕಾಣದೇ ಇದ್ರೆ ಒಂದು ಭಯ ಬರುತ್ತೆ ನೋಡಿ. ಈಗ ಅಲ್ಲೆಲ್ಲೋ ಮಿಂಚಿತು, ನನಗೆ ಕಾಣಲಿಲ್ಲ ಅಂತ. ಕೈಗೆ ಬಟನ್ ಒತ್ತಿಬಿಡೋ ಆಸೆ ಆಗುತ್ತೆ. ಪರೀಕ್ಷೆಯಲ್ಲಿ ಪಾಸಾಗಬೇಕಲ್ಲ! ಎಷ್ಟೋ ಜನ ಒತ್ತಿಬಿಡ್ತಾರಂತೆ, ಕಾಣದೇ ಇದ್ರೂ. ಮಿಷಿನ್ ಅದನ್ನೂ ಲೆಕ್ಕ ಇಡುತ್ತೆ, ಕಾಣದೇ ಒತ್ತಿದ್ದು ಎಷ್ಟು ಅಂತ. ಅದು ಜಾಸ್ತಿ ಆದ್ರೆ ಇಡೀ ರಿಪೋರ್ಟ್ ಕೆಲಸಕ್ಕೆ ಬರಲ್ಲ. ಇನ್ನೂ ಕೆಟ್ಟದ್ದು ಅಂದ್ರೆ, ನರ ನಿಜವಾಗಿ ಇರೋದಕ್ಕಿಂತ ಚೆನ್ನಾಗಿದೆ ಅಂತ ಕಾಗದದಲ್ಲಿ ಬರುತ್ತೆ, ಔಷಧಿ ಬದಲಾಯಿಸಬೇಕಾದ ಹೊತ್ತಿಗೆ ಬದಲಾಯಿಸಲ್ಲ.

ಯೌವನಸ್ಥರೇ, ನಮ್ಮ ಸಭೆಗಳಲ್ಲಿ ಕಾಣದೇ ಬಟನ್ ಒತ್ತುವವರು ಇದ್ದಾರೆ. ಎಣ್ಣೆ ಹಚ್ಚಿ ಪ್ರಾರ್ಥನೆ ಆದ ಮೇಲೆ ಮೈಕ್ ಮುಂದೆ ಹಿಡಿದು "ಹೇಗಿದೆ ಅಮ್ಮ?" ಅಂದಾಗ ಆ ತಾಯಿ ಏನು ಮಾಡ್ತಾರೆ? ಪಾಸ್ಟರ್‌ಗೆ ಬೇಜಾರಾಗಬಾರದು, ನಂಬಿಕೆ ಇಲ್ಲದವಳು ಅನ್ನಿಸ್ಕೋಬಾರದು. ಒತ್ತಿಬಿಡ್ತಾರೆ. ತಪ್ಪು ಆ ತಾಯಿಯದು ಅಂತ ನಾನು ಹೇಳಲ್ಲ. ಮೈಕ್ ಹಿಡಿದವನು ಒಂದೇ ಉತ್ತರಕ್ಕೆ ಜಾಗ ಇಟ್ಟಿದ್ದ.

ನಾನು ದೈವಿಕ ಸ್ವಸ್ಥತೆಯನ್ನ ನಂಬ್ತೀನಿ, ಅದರಲ್ಲಿ ಯಾರಿಗೂ ಅನುಮಾನ ಬೇಡ. ನನ್ನ ಕೈ ಇಟ್ಟು ಪ್ರಾರ್ಥಿಸಿದಾಗ ಕರ್ತನು ಮಾಡಿದ್ದನ್ನ ಕಂಡಿದ್ದೀನಿ. ನನ್ನ ಕಣ್ಣಿಗೂ ಸಹೋದರರು ಉಪವಾಸ ಇದ್ದು ಪ್ರಾರ್ಥಿಸಿದ್ದಾರೆ, ಈಗಲೂ ಪ್ರಾರ್ಥಿಸ್ತಾರೆ, ನಿಲ್ಲಿಸಬೇಡಿ. ಆದರೆ ಗ್ಲಾಕೋಮಾ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಸಾಮಾನ್ಯ ಬಗೆಯ ಗ್ಲಾಕೋಮಾ ನೋಯಲ್ಲ. ಕಣ್ಣಿನ ಒತ್ತಡ ಸಾಧಾರಣವಾಗಿ 10ರಿಂದ 21 ಇರುತ್ತೆ ಅಂತಾರೆ. ಅದು 28 ಆದರೂ ನಿಮಗೆ ಏನೂ ಅನಿಸದೇ ಇರಬಹುದು. ಡ್ರಾಪ್ಸ್ ಹಾಕಿದ್ರೂ ಕಣ್ಣು ಹಾಗೇ ಇರುತ್ತೆ, ಬಿಟ್ರೂ ಹಾಗೇ ಇರುತ್ತೆ. ಹಾಗಾಗಿ ಪ್ರಾರ್ಥನೆ ಆದ ಮೇಲೆ ಡ್ರಾಪ್ಸ್ ಬಿಟ್ಟು "ನನಗೇನೂ ಆಗಿಲ್ಲ, ಗುಣ ಆಗಿದೆ" ಅನ್ನೋದು ಸಾಕ್ಷಿ ಆಗಲ್ಲ. ಗುಣ ಆಗದಿದ್ದವನಿಗೂ ಅದೇ ಅನಿಸುತ್ತೆ! ಅನಿಸಿಕೆಗೆ ಇಲ್ಲಿ ಬೆಲೆಯೇ ಇಲ್ಲ. ಅಂಚಿನ ನೋಟ ಹೋಗ್ತಿರೋದು ಗೊತ್ತಾಗೋ ಹೊತ್ತಿಗೆ ಬಹಳ ಹೋಗಿರುತ್ತೆ.

ಹಾಗಾದ್ರೆ ಗುಣ ಆದವನು ಏನು ಮಾಡಬೇಕು? ಕರ್ತನೇ ಹೇಳಿಕೊಟ್ಟಿದ್ದಾನೆ. ಕುಷ್ಠರೋಗಿಯನ್ನ ಶುದ್ಧಮಾಡಿ, ಹೋಗಿ ಯಾಜಕನಿಗೆ ತೋರಿಸು ಅಂದ. ಆ ಕಾಲದಲ್ಲಿ ಚರ್ಮ ನೋಡಿ ಸರ್ಟಿಫಿಕೇಟ್ ಕೊಡೋನು ಯಾಜಕ. ತಾನು ಮಾಡಿದ ಕೆಲಸವನ್ನ ಪರೀಕ್ಷೆಗೆ ಕಳಿಸೋಕೆ ಕರ್ತನು ಹಿಂಜರಿಯಲಿಲ್ಲ. ನಾವ್ಯಾಕೆ ಹಿಂಜರೀಬೇಕು? ಒತ್ತಡ ಅಳೆಸಿ, ಫೀಲ್ಡ್ ಟೆಸ್ಟ್ ಮಾಡಿಸಿ, ಡಾಕ್ಟರ್ ಬಿಡಿ ಅಂದ್ರೆ ಬಿಡಿ, ಆಮೇಲೆ ಬಂದು ಸಾಕ್ಷಿ ಹೇಳಿ, ನಾನೇ ಮೊದಲು ಕುಣೀತೀನಿ. ಅಲ್ಲಿವರೆಗೂ ಡ್ರಾಪ್ಸ್ ಅಪನಂಬಿಕೆ ಅಲ್ಲ. ಹಿಜ್ಕೀಯ ರಾಜನಿಗೆ ಗುಣ ಆಗುತ್ತೆ ಅಂತ ದೇವರು ಮಾತು ಕೊಟ್ಟಾದ ಮೇಲೂ ಯೆಶಾಯ ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಿಸಿದ. 2 ಅರಸುಗಳು 20. ವಾಗ್ದಾನವೂ ಇತ್ತು, ಪಟ್ಟೂ ಇತ್ತು.

ನಿಮ್ಮ ಅಪ್ಪ ಅಮ್ಮನಿಗೆ ಡ್ರಾಪ್ಸ್ ಹಾಕುವವರು ಇದ್ರೆ ಕೇಳಿಸ್ಕೊಳ್ಳಿ. ಎರಡು ಬೇರೆ ಬೇರೆ ಔಷಧಿ ಇದ್ರೆ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ರೆ ಎರಡನೆಯದು ಮೊದಲನೆಯದನ್ನ ತೊಳೆದುಹಾಕುತ್ತೆ. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆ ಒತ್ತಿ ಹಿಡೀಬೇಕು. ಆಸ್ತಮಾ ಇದ್ರೆ ಕಣ್ಣಿನ ಡಾಕ್ಟರ್‌ಗೆ ಮೊದಲೇ ಹೇಳಿ, ಕೆಲವು ಗ್ಲಾಕೋಮಾ ಡ್ರಾಪ್ಸ್ ಅವರಿಗೆ ಆಗಲ್ಲ. ಪೊರೆ ಆಪರೇಷನ್ ಆದ ಮೇಲೆ ಕೊಡೋ ಸ್ಟೀರಾಯ್ಡ್ ಡ್ರಾಪ್ಸ್ ಕೆಲವರಲ್ಲಿ ಒತ್ತಡ ಏರಿಸುತ್ತೆ, ಅದಕ್ಕೆ ಗ್ಲಾಕೋಮಾ ಇದೆ ಅಂತ ಬಾಯಿಬಿಟ್ಟು ಹೇಳಬೇಕು. ಏಎಂಡಿ ಇರೋರು ಚೌಕಚೌಕ ಗೆರೆಯ ಕಾಗದ ಗೋಡೆಗೆ ಅಂಟಿಸಿ ಒಂದೊಂದೇ ಕಣ್ಣಲ್ಲಿ ನೋಡ್ಕೊಳ್ಳಬೇಕು. ಗೆರೆ ಹಠಾತ್ತಾಗಿ ಡೊಂಕಾದರೆ ಒಣ ಬಗೆ ಒದ್ದೆ ಬಗೆಗೆ ತಿರುಗಿರಬಹುದು, ಆಗ ಭಾನುವಾರದ ಪ್ರಾರ್ಥನೆವರೆಗೂ ಕಾಯಬೇಡಿ, ಆವತ್ತೇ ಹೋಗಿ. ಅದಕ್ಕೆ ಕಣ್ಣೊಳಗೆ ಕೊಡೋ ಇಂಜೆಕ್ಷನ್ ಇದೆ, ಬೇಗ ಕೊಟ್ಟಷ್ಟೂ ಒಳ್ಳೇದು. ಗ್ಲಾಕೋಮಾ ಇರೋರ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ನನ್ನ ಇಬ್ಬರು ಮಕ್ಕಳೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ನೀವೂ ಮಾಡಿಸ್ಕೊಳ್ಳಿ.

ಗಾಡಿ ವಿಷಯ ಒಂದೇ ಮಾತು. ಅಂಚು ಕಾಣದವನು ಸ್ಕೂಟರ್ ಓಡಿಸಿದ್ರೆ ಪಕ್ಕದಿಂದ ಬರೋ ಮಗು ಕಾಣಲ್ಲ. ನಾನು ಕೀಲಿ ಮಗನ ಕೈಗೆ ಕೊಟ್ಟೆ. ನನ್ನ ನಂಬಿಕೆಯ ಖರ್ಚನ್ನ ಬೇರೆಯವರ ಮಗುವಿನ ಮೈಮೇಲೆ ಹಾಕೋಕೆ ನನಗೆ ಹಕ್ಕಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯ, ಇದನ್ನ ನಮ್ಮಂಥ ಸಭೆಯಲ್ಲಿ ಹೇಳಲೇಬೇಕು. ಪರಿಚಯದ ಒಬ್ಬ ವಯಸ್ಸಾದ ತಾಯಿ. ಎರಡೂ ಕಣ್ಣು ಬಹಳ ಮಟ್ಟಿಗೆ ಹೋಗಿದೆ. ಸೋಫಾ ಮೇಲೆ ಬಣ್ಣದ ಬಟ್ಟೆ ಹಾಕಿದ ಸಣ್ಣ ಮಕ್ಕಳು ಕೂತಿರ್ತಾರೆ, ಮಾತಾಡಲ್ಲ, ಸ್ವಲ್ಪ ಹೊತ್ತಿಗೆ ಇರಲ್ಲ. ಆಕೆಗೂ ಗೊತ್ತು, ಮಕ್ಕಳು ನಿಜವಾಗಿ ಇಲ್ಲ ಅಂತ. ತಿಂಗಳುಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಹೇಳಿದ ದಿನ ಮನೆಯವರು ಬಿಡುಗಡೆ ಪ್ರಾರ್ಥನೆಗೆ ಕರ್ಕೊಂಡು ಬಂದ್ರು. ಇನ್ನೊಬ್ಬ ಸಹೋದರ ಅದು ದೇವದೂತರ ದರ್ಶನ ಅಂದರು. ನಾನು ಎರಡೂ ಬೇಡ, ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಅಂದೆ. ಇದಕ್ಕೆ ಹೆಸರಿದೆ. 1760ರಲ್ಲಿ ಜಿನೀವಾದ ಚಾರ್ಲ್ಸ್ ಬಾನೆ ಅನ್ನೋ ವಿದ್ವಾಂಸ ತನ್ನ ತಾತನಿಗೆ ಹೀಗೇ ಆಗ್ತಿದ್ದದ್ದನ್ನ ಬರೆದಿಟ್ಟ. ತಾತನಿಗೆ ಪೊರೆಯಿಂದ ದೃಷ್ಟಿ ಹೋಗಿತ್ತು, ಬುದ್ಧಿ ಸ್ಥಿರವಾಗಿತ್ತು, ಇಲ್ಲದ ಜನ, ಹಕ್ಕಿ, ಕಟ್ಟಡ ಕಾಣ್ತಿದ್ವು. ಕಣ್ಣಿನಿಂದ ಸುದ್ದಿ ಬರದೇ ಇದ್ದಾಗ ಮೆದುಳು ತಾನೇ ಚಿತ್ರ ತುಂಬಿಕೊಳ್ಳುತ್ತೆ. ಹುಚ್ಚಲ್ಲ, ದೆವ್ವ ಅಲ್ಲ. ನನಗೂ ಗೋಡೆ ಮೇಲೆ ಜಾಲರಿಯ ಹಾಗೆ ಗೆರೆಗಳು ಕೆಲವು ಸಲ ಕಂಡಿವೆ. ದನಿ ಕೇಳಿಸೋಕೆ ಶುರುವಾದ್ರೆ, ಕಂಡಿದ್ದು ನಿಜ ಅಂತಲೇ ಹಟ ಹಿಡಿದ್ರೆ, ಆಗ ಬೇರೆ ಡಾಕ್ಟರೂ ನೋಡಬೇಕು.

ನಾವು ದರ್ಶನ ನಂಬೋ ಜನ. ಅದಕ್ಕಾಗಿಯೇ ಕಂಡಿದ್ದನ್ನೆಲ್ಲ ದರ್ಶನ ಅನ್ನೋ ಹಾಗಿಲ್ಲ. ಆ ತಾಯಿ ಒಂದು ಮಾತು ಹೇಳಿದರು: "ಮಕ್ಕಳನ್ನ ನೋಡಿ ಹೆದರಿಕೆ ಆಗಿಲ್ಲ ಅಯ್ಯ. ನಿಮಗೆಲ್ಲ ಹೇಳೋಕೆ ಹೆದರಿಕೆ ಆಯ್ತು."

ಈಗ ಕೇಳಿಸಿಕೊಳ್ಳುವವರ ಕರ್ತವ್ಯಕ್ಕೆ ಬರೋಣ. ನನ್ನ ಹುಟ್ಟುಹಬ್ಬಕ್ಕೆ ಎಲ್ಲರೂ ಮೋಶೆಯ ವಾಕ್ಯ ಹೇಳಿ ಆಶೀರ್ವದಿಸ್ತಾರೆ, 120 ವರ್ಷ ಆದರೂ ಅವನ ಕಣ್ಣು ಮಬ್ಬಾಗಲಿಲ್ಲ ಅಂತ. ಸಂತೋಷ. ಆದರೆ ಲೆಕ್ಕ ಹಾಕಿ ನೋಡಿ. ಇಸಾಕನ ಕಣ್ಣು ಮಬ್ಬಾಯ್ತು, ಯಾಕೋಬನದು ಮಬ್ಬಾಯ್ತು, ಏಲಿಯದು, ಪ್ರವಾದಿ ಅಹೀಯನದು. ಒಬ್ಬ ಮೋಶೆಗೆ ನಾಲ್ಕು ಜನ. ಇವರನ್ನ ಯಾರೂ ಹುಟ್ಟುಹಬ್ಬಕ್ಕೆ ಕರೆಯಲ್ಲ.

ಆದಿಕಾಂಡ 27 ನಿಮಗೆ ಗೊತ್ತು. ಇಸಾಕನಿಗೆ ಅನುಮಾನ ಬಂದಿತ್ತು. ಕಿವಿ ಯಾಕೋಬ ಅನ್ನುತ್ತೆ, ಕೈಗೆ ಸಿಕ್ಕ ಕೂದಲು ಏಸಾವ ಅನ್ನುತ್ತೆ. ಅವನು ಪೆದ್ದ ಅಲ್ಲ. ಕಣ್ಣಿಲ್ಲದಾಗ ಉಳಿದ ಸಾಕ್ಷಿಗಳನ್ನ ಒಂದೊಂದಾಗಿ ಕರೆದು ವಿಚಾರಿಸಿದ. ಆ ಸಾಕ್ಷಿಗಳನ್ನೇ ಮನೆಯವರು ಮೊದಲೇ ಕೊಂಡಿದ್ರು, ಮೇಕೆಮರಿ ಚರ್ಮ ಕಟ್ಟಿ. ಹೊರಗಿನ ಕಳ್ಳ ಅಲ್ಲ, ಹೆಂಡತಿ ಮತ್ತು ಮಗ. ದೇವರ ಉದ್ದೇಶ ಇತ್ತು, ಹೌದು. ಅದರಿಂದ ಮಬ್ಬುಗಣ್ಣಿನ ತಂದೆಗೆ ಮಾಡಿದ ಮೋಸ ಸರಿಹೋಗಲ್ಲ, ಯಾಕೋಬ ಇಪ್ಪತ್ತು ವರ್ಷ ಲಾಬಾನನ ಮನೆಯಲ್ಲಿ ಅದರ ರುಚಿ ನೋಡಿದ.

ಇವತ್ತಿನ ಮೇಕೆ ಚರ್ಮ ಯಾವುದು? "ಅಪ್ಪಾ ಇಲ್ಲಿ ಒಂದು ಸೈನ್ ಮಾಡಿ, ಏನಿಲ್ಲ, ಬ್ಯಾಂಕಿಂದು." ಏನಿಲ್ಲ ಅಂದ್ರೆ ಏನು? ಅದರಲ್ಲಿ ಏನೋ ಬರೆದಿದೆ ತಾನೇ. ನೀವು ಓಟಿಪಿ ಓದ್ತೀರಿ, ನಾಮಿನಿ ಹೆಸರು ತುಂಬ್ತೀರಿ, ಅಕ್ಕನ ವಾಟ್ಸಾಪ್ ಮೆಸೇಜ್ ಓದುವಾಗ ಜಗಳದ ಎರಡು ಸಾಲು ಹಾರಿಸಿ ಓದ್ತೀರಿ. ಒಳ್ಳೇ ಉದ್ದೇಶಕ್ಕೇ ಇರಬಹುದು, ಅಪ್ಪನ ಬಿಪಿ ಏರಬಾರದು ಅಂತ. ಆದರೂ ಕೇಳ್ತೀನಿ, ಹಾರಿಸೋ ಹಕ್ಕು ಯಾರು ಕೊಟ್ರು? ನನಗೆ ಓದಿ ಹೇಳುವವನು ಆ ಹೊತ್ತಿಗೆ ನನ್ನ ಕಣ್ಣು. ಕಣ್ಣು ತನಗೆ ಬೇಕಾದ್ದನ್ನ ಮಾತ್ರ ತೋರಿಸೋದಾದ್ರೆ ಅದೂ ಒಂದು ಕಾಯಿಲೆಯೇ, ನನ್ನ ಮೂರರ ಜೊತೆ ನಾಲ್ಕನೆಯದು. "ಅಪ್ಪಾ, ಇಲ್ಲಿ ಕಷ್ಟದ ಮಾತಿದೆ, ಓದಲಾ?" ಅಂತ ಕೇಳಿ. ಬೇಡ ಅನ್ನೋ ಹಕ್ಕು ಅವರದು.

ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬಾರದು ಅಂತ ಯಾಜಕಕಾಂಡ 19ರಲ್ಲಿ ಇದೆ. ಆ ಆಜ್ಞೆಯ ಪಕ್ಕದಲ್ಲೇ ದೇವರಿಗೆ ಭಯಪಡಬೇಕು ಅಂತ ಸೇರಿಸಿದೆ. ಯಾಕೆ ಅಂತ ಬಹಳ ದಿನ ಯೋಚಿಸಿದ್ದೀನಿ. ಬೇರೆ ತಪ್ಪಿಗೆ ಪೆಟ್ಟು ತಿಂದವನೇ ಸಾಕ್ಷಿ ಇರ್ತಾನೆ. ಇಲ್ಲಿ ಎಡವಿ ಬಿದ್ದವನಿಗೆ ಕಲ್ಲು ಇಟ್ಟವನು ಯಾರು ಅಂತ ಎಂದಿಗೂ ಗೊತ್ತಾಗಲ್ಲ. ನೋಡಿದವನು ದೇವರೊಬ್ಬನೇ.

ಅದೇ ಯಾಕೋಬನನ್ನ 48ನೇ ಅಧ್ಯಾಯದಲ್ಲಿ ನೋಡಿ. ಈಗ ಅವನೇ ಮಬ್ಬುಗಣ್ಣಿನ ಮುದುಕ. ಯೋಸೇಫ ಇಬ್ಬರು ಮಕ್ಕಳನ್ನ ಸರಿಯಾದ ಕಡೆ ನಿಲ್ಲಿಸ್ತಾನೆ, ದೊಡ್ಡವನು ಬಲಗೈಗೆ, ಚಿಕ್ಕವನು ಎಡಗೈಗೆ. ಮುದುಕ ಕೈ ಅಡ್ಡಡ್ಡ ಮಾಡಿ ಚಿಕ್ಕವನ ತಲೆ ಮೇಲೆ ಬಲಗೈ ಇಡ್ತಾನೆ. ಯೋಸೇಫನಿಗೆ ಅಸಮಾಧಾನ. ಅಪ್ಪನ ಕೈ ಹಿಡಿದು ಸರಿಸೋಕೆ ಹೋಗ್ತಾನೆ. ಐಗುಪ್ತ ದೇಶವನ್ನೇ ಆಳಿದ ಮಗ, ಬುದ್ಧಿವಂತ, ಅಪ್ಪನನ್ನ ಪ್ರೀತಿಸುವವನು. ಅವನಿಗೂ ತಕ್ಷಣ ಹೊಳೆದಿದ್ದು, ಪಾಪ ಅಪ್ಪನಿಗೆ ಕಾಣಲಿಲ್ಲ ಅಂತ. ಅಪ್ಪನಿಗೆ ಗೊತ್ತಿತ್ತು. ಗೊತ್ತಿದೆ ಮಗನೇ ಅಂತ ಶಾಂತವಾಗಿ ಹೇಳಿ, ಕೈ ಅಲ್ಲೇ ಇಟ್ಟ.

ಕಣ್ಣು ಮಬ್ಬಾದವರ ಕೈಯನ್ನ ನಾವು ಎಷ್ಟು ಸಲ ಹೀಗೆ ಸರಿಸ್ತೀವಿ ಅಂತ ನಿಮ್ಮ ಮನೆಯಲ್ಲಿ ಒಂದು ವಾರ ಎಣಿಸಿ ನೋಡಿ. ಹೋಟೆಲಿನಲ್ಲಿ ಸರ್ವರ್ ನನ್ನನ್ನ ಬಿಟ್ಟು ನನ್ನ ಹೆಂಡತಿಯನ್ನ ಕೇಳ್ತಾನೆ, "ಸಾರ್‌ಗೆ ಏನು ಕೊಡ್ಲಿ ಮೇಡಂ?" ಸಾರ್‌ಗೆ ಬಾಯಿದೆ. ಆಸ್ಪತ್ರೆಯಲ್ಲೂ ಹಾಗೇ, ನನ್ನ ರಿಪೋರ್ಟನ್ನ ಮಗನಿಗೆ ವಿವರಿಸ್ತಾರೆ.

ಫ್ಯಾನಿ ಕ್ರಾಸ್ಬಿ ಬಗ್ಗೆ ಯಾರಾದ್ರೂ ಖಂಡಿತ ಕೇಳ್ತೀರಿ, ಕಣ್ಣಿಲ್ಲದೇ ಸಾವಿರಾರು ಹಾಡು ಬರೆದರು ಅಂತ. ದೇವರಿಗೆ ಸ್ತೋತ್ರ. ಆದರೆ ಆಕೆಗೆ ಕಣ್ಣು ಹೋದದ್ದು ಎಳೇ ಕೂಸಾಗಿದ್ದಾಗ, ಕಂಡ ನೆನಪೇ ಇಲ್ಲದ ವಯಸ್ಸು. ಅರುವತ್ತು ವರ್ಷ ಹೆಂಡತಿ ಮಕ್ಕಳ ಮುಖ ನೋಡಿ, ಆಮೇಲೆ ಆ ಮುಖದ ನಡುವೆ ಬೂದು ಕಲೆ ಬರೋದು ಬೇರೆ ಅನುಭವ. ಅದಕ್ಕೆ ದುಃಖಪಡೋಕೆ ಸ್ವಲ್ಪ ಜಾಗ ಕೊಡಿ. ಮೊಮ್ಮಗಳು ನಗ್ತಿದ್ದಾಳೋ ಅಳೋಕೆ ಹೊರಟಿದ್ದಾಳೋ ನನಗೆ ದನಿ ಬಂದ ಮೇಲೆ ಗೊತ್ತಾಗೋದು. ಇದನ್ನ ಹೇಳಿದ ತಕ್ಷಣ ಯಾರಾದ್ರೂ "ಸ್ತೋತ್ರ ಮಾಡಿ ಅಯ್ಯ" ಅಂದ್ರೆ, ಮಾಡ್ತೀನಪ್ಪ, ಒಂದು ನಿಮಿಷ ತಡಿ ಅಂತೀನಿ.

ಮತ್ತೆ ಬೇತ್ಸಾಯಿದದವನು. ಕರ್ತನು ಆ ಪ್ರಶ್ನೆಯನ್ನ ಊರ ಮಧ್ಯೆ ಕೇಳಲಿಲ್ಲ. ಕೈ ಹಿಡಿದು ಊರ ಹೊರಗೆ ಕರ್ಕೊಂಡು ಹೋಗಿ ಕೇಳಿದ. ಯಾಕೆ ಅಂತ ಮಾರ್ಕ ಬರೆದಿಲ್ಲ. ಜನ ಸುತ್ತ ನಿಂತು ಹೋ ಅಂತಿದ್ದರೆ, ಮರಗಳ ಹಾಗೆ ಕಾಣ್ತಾರೆ ಅನ್ನೋ ಮಾತು ಅವನ ಬಾಯಿಂದ ಬರ್ತಿತ್ತೋ ಇಲ್ಲವೋ ಅಂತ ನನಗೆ ಅನಿಸುತ್ತೆ. ಅದಕ್ಕೆ ಈ ತಿಂಗಳಿಂದ ನಾವು ಸ್ವಸ್ಥತೆಯ ಪ್ರಾರ್ಥನೆ ಮುಗಿದ ಕೂಡಲೇ ಮೈಕ್ ಹಿಡಿಯೋದು ನಿಲ್ಲಿಸ್ತಿದ್ದೀವಿ. ಹಿರಿಯರ ಜೊತೆ ಮಾತಾಡಿ ಆಗಿದೆ. ಪಕ್ಕದ ರೂಮಿನಲ್ಲಿ ಇಬ್ಬರು ಕೂತಿರ್ತಾರೆ, ಅಲ್ಲಿ ಹೋಗಿ ಹೇಗಿದೆಯೋ ಹಾಗೆ ಹೇಳಬಹುದು. ಸ್ವಲ್ಪ ಕಡಿಮೆ ಆಯ್ತು, ಏನೂ ಆಗಿಲ್ಲ, ಒಂದು ಹೋಯ್ತು ಎರಡು ಉಳೀತು, ಯಾವುದಾದ್ರೂ ಸರಿ. ಮತ್ತೊಂದು ಸಲ ಕೈ ಇಟ್ಟು ಪ್ರಾರ್ಥನೆ ಮಾಡ್ತೀವಿ.

ಎದ್ದು ನಿಲ್ಲೋಣ. ವಾದ್ಯದವರು ಬನ್ನಿ. ಹಾಡಿನ ಸಾಲು ಪರದೆ ಮೇಲೆ ಹಾಕುವ ತಮ್ಮ ಯಾರೋ, ಹಳದಿ ಹಿನ್ನೆಲೆ ಮೇಲೆ ಬಿಳಿ ಅಕ್ಷರ ಬೇಡಪ್ಪ. ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ, ಇನ್ನೂ ಸ್ವಲ್ಪ ದೊಡ್ಡದು. ಮುಗಿದ ಮೇಲೆ ಕೆಳಗೆ ಟೀ ಇದೆ. ನನ್ನನ್ನ ಮಾತಾಡಿಸೋಕೆ ಬರೋರು ಮೊದಲು ನಿಮ್ಮ ಹೆಸರು ಹೇಳಿ, "ನಾನ್ಯಾರು ಹೇಳಿ ನೋಡೋಣ" ಅಂತ ಆಟ ಆಡಿಸಬೇಡಿ.